ಮಾಳಿಗೆಯ ಮೇಲಿನ ತಿಪ್ಪೆ

ಮನೆಯಲ್ಲಿ ಗೊಬ್ಬರ ಮಾಡುವವನು ಫಜೀತಿಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಸಿಪ್ಪೆ, ಎಲೆ, ನೀರು ಇಷ್ಟನ್ನು ಕಲಸಿ ಮುಚ್ಚಳ ಹಾಕಿ ಸುಮ್ಮನೆ ಕುಳಿತರೆ ಸಾಕು, ಗೊಬ್ಬರದ ಜೊತೆಗೆ ಫಜೀತಿಯೂ ಒಳಗೊಳಗೇ ಹದವಾಗುತ್ತಿರುತ್ತದೆ. ನಮ್ಮ ಮನೆಯಲ್ಲಂತೂ ಗೊಬ್ಬರಕ್ಕಿಂತ ಅದೇ ಬೇಗ ತಯಾರಾಗುತ್ತಿತ್ತು. ಅಂಥ ಕೆಲವನ್ನು ಇಲ್ಲಿ ಹೇಳುತ್ತೇನೆ. ಅದರಲ್ಲಿ ಗಿಡಗಳಿಗೆಂದು ಮಾಡುವ ಗೊಬ್ಬರದ ಟೀಯೂ ಬರುತ್ತದೆ. ಟೀ ಎಂದ ಕೂಡಲೇ ಯಾರೋ ಅದನ್ನು ಕುಡಿದಿರಬೇಕು ಎಂದು ಆಸೆಯಿಂದ ಕಾದು ಕುಳಿತವರಿಗೆ ಮೊದಲೇ ತಿಳಿಸಿಬಿಡುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಕುಡಿದಿಲ್ಲ. ನಮ್ಮ ಮಾನ ಹೋದದ್ದೆಲ್ಲ ಬೇರೆ ದಾರಿಗಳಲ್ಲಿ.

1. ಕರಾರು

ನಾನು ಹೊಸಪೇಟೆಯ ಹೊರಗಿರುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ಬೇರಿಂಗು, ಗ್ರೀಸು ಎಲ್ಲವನ್ನೂ ಅದರದರ ಜಾಗದಲ್ಲಿಟ್ಟು ಕಾಯುವುದು ನನ್ನ ಕೆಲಸ. ಹೀಗಾಗಿ ಖಾಲಿ ಡ್ರಮ್ಮು ಕಂಡರೆ ಅದರೊಳಗೆ ಏನಾದರೂ ತುಂಬುವ ತನಕ ನನಗೆ ಸಮಾಧಾನವಿಲ್ಲ. ಗುಜರಿ ಅಂಗಡಿಯಲ್ಲಿ ಎರಡು ನೀಲಿ ಡ್ರಮ್ಮು ಕಣ್ಣಿಗೆ ಬಿದ್ದ ದಿನವೇ ಮನೆಯ ಮಾಳಿಗೆಯ ಮೇಲೆ ಗೊಬ್ಬರ ಮಾಡುವುದೆಂದು ತೀರ್ಮಾನಿಸಿದೆ. ಮಾಳಿಗೆಯಲ್ಲಿ ಬದನೆ, ಟೊಮೆಟೊ, ಮೆಣಸಿನ ಕುಂಡಗಳಿದ್ದವು. ಅದಿರಿನ ಲಾರಿಗಳ ಕೆಂಪು ಧೂಳು ತಿಂದು ತಿಂದು ಅವು ಕೆಮ್ಮುವುದೊಂದು ಬಾಕಿ ಇತ್ತು. ಅವಕ್ಕೆ ಒಂದಿಷ್ಟು ಒಳ್ಳೆಯ ಊಟ ಹಾಕಬೇಕೆಂಬುದು ನನ್ನ ಉದ್ದೇಶ.

ಡ್ರಮ್ಮಿಗೆ ತೂತು ಹೊಡೆದೆ. ಅಡಿಗೆಮನೆಯಿಂದ ಬಂದದ್ದನ್ನೆಲ್ಲ ಹಾಕಿದೆ. ತರಕಾರಿ ಸಿಪ್ಪೆ ಸರಿ, ಜೊತೆಗೆ ಉಳಿದ ಸಾರು, ಹುಳಿ ಮಜ್ಜಿಗೆ, ಹಳಸಿದ ಅನ್ನ, ಯಾರೂ ಮುಟ್ಟದ ಉಪ್ಪಿಟ್ಟು ಎಲ್ಲವೂ ಹೋಯಿತು. ಒಣ ಎಲೆ ಹಾಕಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಓಣಿಗೆ ಓಣಿಯೇ ಮೂಗು ಮುಚ್ಚಿಕೊಂಡು ಓಡಾಡತೊಡಗಿತು. ವಾಸನೆ ಎಲ್ಲಿಂದ ಎಂದು ಯಾರಿಗೂ ತಿಳಿಯಲಿಲ್ಲ. ಮೇಲಿನಿಂದ ಬರಬಹುದು ಎಂದು ಯಾರು ತಾನೇ ಊಹಿಸುತ್ತಾರೆ? ಎಲ್ಲರೂ ಕೆಳಗೆ, ಚರಂಡಿಯ ಕಡೆ ನೋಡಿದರು. ನಾನೂ ಅವರ ಜೊತೆ ನಿಂತು ಬಗ್ಗಿ ನೋಡಿ, ಛೆ ಎಂದೆ.

ವಾರ್ಡಿನ ಸದಸ್ಯರಿಗೆ ದೂರು ಹೋಯಿತು. ವರ್ಷಗಳಿಂದ ಹೂಳು ತುಂಬಿ ಮಲಗಿದ್ದ ಚರಂಡಿಯನ್ನು ಆ ತುದಿಯಿಂದ ಈ ತುದಿಯವರೆಗೆ ಎತ್ತಿಸಿ, ಬ್ಲೀಚಿಂಗ್ ಪುಡಿ ಉದುರಿಸಿದರು. ಅಷ್ಟರಲ್ಲಿ ನಾನು ಸದ್ದಿಲ್ಲದೆ ಡ್ರಮ್ಮನ್ನು ಖಾಲಿ ಮಾಡಿ, ಅದರಲ್ಲಿದ್ದುದನ್ನು ಊರ ಹೊರಗೆ ಒಯ್ದು ಮಣ್ಣು ಮಾಡಿ ಬಂದಿದ್ದೆ. ವಾಸನೆ ಹೋಯಿತು. ಓಣಿಯವರು ಸದಸ್ಯರನ್ನು ಕರೆಸಿ ಹಾರ ಹಾಕಿದರು. ಹಾರ ಹಿಡಿದವರಲ್ಲಿ ನಾನೂ ಒಬ್ಬ.

ಸತ್ಯ ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಆಕೆ ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಕರಾರು ಹಾಕಿದಳು. ಮಗಳಿಗೆ ಗಂಡು ನೋಡುತ್ತಿರುವ ಹೊತ್ತು ಇದು. ಡ್ರಮ್ಮು ಇರಲಿ, ಬೇಡ ಎನ್ನುವುದಿಲ್ಲ. ಆದರೆ ಹೆಣ್ಣು ನೋಡಲು ಬಂದವರಲ್ಲಿ ಒಬ್ಬರ ಕೈ ಮೂಗಿನ ಹತ್ತಿರ ಹೋದರೂ ಅಂದೇ ಡ್ರಮ್ಮು ಗುಜರಿಗೆ ವಾಪಸ್ಸು.

"ಬಂದವರಿಗೆ ನೆಗಡಿ ಆಗಿದ್ರ?" ಎಂದೆ.

"ಆವಾಗೂ ಗುಜರಿಗೇ," ಎಂದಳು.

2. ನಿಧಿ

ಒಣ ಎಲೆ ಹಾಕಿದರೆ ವಾಸನೆ ಬರುವುದಿಲ್ಲ ಎಂದು ಆಮೇಲೆ ತಿಳಿದುಕೊಂಡೆ. ಹಸಿ ಸಿಪ್ಪೆ ಒಂದು ಪಾಲಾದರೆ ಒಣ ಎಲೆ ಎರಡು ಪಾಲು. ಸಿಪ್ಪೆಗೆ ಬರವಿಲ್ಲ, ಎಲೆಗೇ ಪರದಾಟ. ನಮ್ಮ ಓಣಿಯಲ್ಲಿ ಇರುವುದು ಒಂದು ಬೇವಿನ ಮರ. ಅದರ ಎಲೆಯನ್ನು ಬೆಳಗಾಗುವುದರೊಳಗೆ ಗುಡಿಸಿ ಬೆಂಕಿ ಇಟ್ಟು ಕೈ ಕಾಯಿಸಿಕೊಳ್ಳುವವರು ನಾಲ್ಕಾರು ಮಂದಿ. ಅವರ ಬೆಂಕಿಗೆ ನಾನು ಕೈ ಹಾಕುವಂತಿರಲಿಲ್ಲ.

ಒಂದು ಭಾನುವಾರ ಹಂಪಿ ನೆನಪಾಯಿತು. ಅಲ್ಲಿ ಮರಗಳಿಗೆ ಕೊರತೆಯಿಲ್ಲ, ಎಲೆ ಬೇಕೆನ್ನುವವರೂ ಇಲ್ಲ. ಗೋಣಿಚೀಲ ಸ್ಕೂಟರಿಗೆ ಸಿಕ್ಕಿಸಿಕೊಂಡು ನಸುಕಿನಲ್ಲೇ ಹೊರಟೆ. ಹಂಪಿ ಬಜಾರಿನ ಸಾಲು ಮಂಟಪಗಳ ಹಿಂದೆ ಗಾಳಿಗೆ ಎಲೆ ಬಂದು ಗುಡ್ಡೆ ಬಿದ್ದಿತ್ತು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ದೇಶ ವಿದೇಶದಿಂದ ಬಂದವರು ತಲೆ ಮೇಲೆತ್ತಿ ಕಂಬ, ಗೋಪುರ ನೋಡುತ್ತಿದ್ದರೆ ನಾನೊಬ್ಬ ತಲೆ ಬಗ್ಗಿಸಿ ಚೀಲಕ್ಕೆ ಎಲೆ ಒತ್ತುತ್ತಿದ್ದೆ.

ಅರ್ಧ ಚೀಲ ತುಂಬಿರಬೇಕು, ಹಿಂದಿನಿಂದ ಸೀಟಿ ಕೇಳಿಸಿತು. ಕಾವಲಿನವರೊಬ್ಬರು. ಹಂಪಿಯಲ್ಲಿ ಮುಂಜಾನೆ ಹೊತ್ತು ಮಂಟಪದ ಹಿಂದೆ ಬಗ್ಗಿಕೊಂಡು ಚೀಲ ತುಂಬುವ ಮನುಷ್ಯನನ್ನು ಕಂಡರೆ ಯಾರಿಗಾದರೂ ಮೊದಲು ಹೊಳೆಯುವುದು ನಿಧಿಯೇ. ಚೀಲದಲ್ಲಿ ಏನಿದೆ ಎಂದು ಕೇಳಿದರು. ಎಲೆ ಎಂದೆ. ಎಲೆಯ ಕೆಳಗೆ ಏನಿದೆ ಎಂದರು. ಅದೂ ಎಲೆ ಎಂದೆ. ಅವರು ನಂಬಲಿಲ್ಲ. ಚೀಲ ಸುರಿಸಿದರು. ಕೋಲಿನಿಂದ ಕೆದಕಿದರು. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು ಕೈಯಿಂದಲೇ ಹುಡುಕಿದರು. ಒಂದು ಬೀಡಿ ತುಂಡು, ಒಂದು ಕಡ್ಲೆಕಾಯಿ ಸಿಪ್ಪೆ ಸಿಕ್ಕವು. ನನ್ನ ಕಣ್ಣ ಮುಂದೆ ಹೆಂಡತಿಯ ಮುಖ ಬಂತು. ನಿಧಿ ಕಳ್ಳನ ಮಗಳು ಎಂದು ಹೆಸರಾದರೆ ಯಾವ ಸಂಬಂಧ ಕುದುರೀತು? ನನಗೆ ನಿಜಕ್ಕೂ ಬೆವರು ಬಂತು.

ಬೆವರು ನೋಡಿ ಅವರ ಅನುಮಾನ ಇನ್ನೂ ಗಟ್ಟಿಯಾಯಿತು. ನಾನು ಗೊಬ್ಬರದ ಕಥೆಯನ್ನು ಮೊದಲಿನಿಂದ ಹೇಳಿದೆ. ಹಸಿ ಒಂದು ಪಾಲು, ಒಣ ಎರಡು ಪಾಲು ಎಂದೆಲ್ಲ ಕೈ ಬಾಯಿ ತಿರುಗಿಸಿ ವಿವರಿಸಿದೆ. ಅವರು ನನ್ನನ್ನೇ ಬಹಳ ಹೊತ್ತು ನೋಡಿದರು. ಮುಖದ ಮೇಲಿನ ಅನುಮಾನ ಕರಗಿ ಅಲ್ಲಿ ಕನಿಕರ ಬಂದು ಕೂತಿತು.

"ಎಲಿ ಒಯ್ಯಾಕ ಹೊಸಪ್ಯಾಟಿಯಿಂದ ಪೆಟ್ರೋಲ್ ಸುಟಗೊಂಡು ಬಂದೀರೇನ್ರಿ?"

ಹೌದು ಎಂದೆ. ಅವರು ಎದ್ದು ನಿಂತು ಪ್ಯಾಂಟು ಜಾಡಿಸಿಕೊಂಡು, ದೂರದ ಇನ್ನೊಂದು ಮಂಟಪದ ಕಡೆ ಕೋಲು ತೋರಿಸಿದರು.

"ಹಂಗಾರ ಅದರ ಹಿಂದೂ ಭಾಳ ಬಿದ್ದಾವ, ಅವನ್ನೂ ಬಳ್ಕೊಂಡು ಹೋಗ್ರಿ. ನಾಳೆ ನಮ್ಮ ಸಾಹೇಬ್ರು ಬರ್ತಾರ."

3. ದೇವರ ನಿದ್ದೆ

ನಮ್ಮ ಜೊತೆ ನನ್ನ ತಾಯಿ ಇದ್ದಾಳೆ. ಅವ್ವನಿಗೆ ಡ್ರಮ್ಮಿನ ವಿಷಯದಲ್ಲಿ ವಿರೋಧವೇನೂ ಇರಲಿಲ್ಲ. ಆದರೆ ಒಂದು ದಿನ ದೇವರ ಜಗಲಿಯ ಬಾಡಿದ ಹೂವನ್ನು ನಾನು ಡ್ರಮ್ಮಿಗೆ ಹಾಕುವುದನ್ನು ನೋಡಿಬಿಟ್ಟಳು. ದೇವರ ಮುಡಿಯಿಂದ ತೆಗೆದ ಹೂವನ್ನು ಕಾಲುವೆಯ ಹರಿಯುವ ನೀರಿಗೆ ಬಿಡುವುದು ನಮ್ಮ ಮನೆಯ ರೂಢಿ. ಕಾಲುವೆಯಲ್ಲಿ ನೀರಿಗಿಂತ ಹೆಚ್ಚು ಪ್ಲಾಸ್ಟಿಕ್ ಹರಿಯುತ್ತಿದೆ, ಅದಕ್ಕಿಂತ ಗಿಡದ ಬುಡ ಸೇರುವುದು ಒಳ್ಳೆಯದಲ್ಲವೇ ಎಂದು ಹೇಳಿದೆ. ಅವ್ವ ಯೋಚಿಸಿದಳು. ಒಪ್ಪಿದಳು. ಒಪ್ಪಿದ್ದೇ ತೊಂದರೆಯಾಯಿತು.

ಮರುದಿನದಿಂದ ಅವ್ವ ಡ್ರಮ್ಮಿಗೆ ಕೈ ಮುಗಿಯತೊಡಗಿದಳು. ದೇವರ ಹೂವು ಒಳಗಿದೆಯಲ್ಲ. ಎರಡು ದಿನ ಬಿಟ್ಟು, ಮಾಳಿಗೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂದಳು. ಬೇಸಿಗೆಯಲ್ಲಿ ಹೊಸಪೇಟೆಯ ಮಾಳಿಗೆ ಎಂದರೆ ಕಾದ ಹೆಂಚು. ನಾನು ಬಕೆಟ್ ಹಿಡಿದು ಕುಣಿಯುತ್ತ ಹೋಗಿ ಕುಣಿಯುತ್ತ ಬರುವುದನ್ನು ಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಇನ್ನೊಂದು ಕಾಯಿದೆ ಬಂತು. ದೇವರ ಹೂವು ಇರುವ ಡ್ರಮ್ಮಿಗೆ ಊಟದ ತಟ್ಟೆಯಲ್ಲಿ ಉಳಿದದ್ದು, ಉಳ್ಳಾಗಡ್ಡಿ ಸಿಪ್ಪೆ, ಬೆಳ್ಳುಳ್ಳಿ ಸಿಪ್ಪೆ ಹಾಕುವ ಹಾಗಿಲ್ಲ. ಹೀಗೆ ಇದ್ದ ಎರಡು ಡ್ರಮ್ಮುಗಳಲ್ಲಿ ಒಂದು ಮಡಿ ಡ್ರಮ್ಮು, ಇನ್ನೊಂದು ಎಂಜಲ ಡ್ರಮ್ಮು ಆಯಿತು. ಅವೆರಡರ ನಡುವೆ ಅವ್ವ ರಂಗೋಲಿ ಗೆರೆ ಎಳೆದಳು. ಎಂಜಲ ಡ್ರಮ್ಮು ಕೆದರಿದ ಕೋಲು ಮಡಿ ಡ್ರಮ್ಮಿಗೆ ತಾಗಿದರೆ ನಾನು ಸ್ನಾನ ಮಾಡಬೇಕಾಗುತ್ತಿತ್ತು, ಕೋಲಿಗೂ ನೀರು ಹಾಕಬೇಕಾಗುತ್ತಿತ್ತು.

ಎಂಜಲ ಡ್ರಮ್ಮಿನಲ್ಲಿ ಗೊಬ್ಬರ ಚೆನ್ನಾಗಿ ಆಗುತ್ತಿತ್ತು. ಕಪ್ಪಗೆ, ಪುಡಿ ಪುಡಿಯಾಗಿ, ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ. ಮಡಿ ಡ್ರಮ್ಮಿನಲ್ಲಿ ಮಾತ್ರ ಚೆಂಡು ಹೂವು, ಸೇವಂತಿಗೆ ಹಾಕಿದ್ದು ಹಾಕಿದ ಹಾಗೇ ಒಣಗಿ ಕುಳಿತಿತ್ತು. ಅವ್ವನಿಗೆ ಅವಮಾನವಾಯಿತು. ದೇವರ ಡ್ರಮ್ಮು ಹಿಂದೆ ಬಿದ್ದು ಎಂಜಲ ಡ್ರಮ್ಮು ಮುಂದೆ ಹೋಗುವುದೆಂದರೇನು ಎಂದು ನನ್ನನ್ನೇ ಬೈದಳು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಆ ಡ್ರಮ್ಮಿನ ಒಂದು ಹಿಡಿ ಹಳೆ ಗೊಬ್ಬರ ಇದಕ್ಕೆ ಹಾಕಿದರೆ ಸರಿಹೋಗುತ್ತದೆ, ಆದರೆ ನಿನ್ನ ಕಾಯಿದೆಯಲ್ಲಿ ಅದಕ್ಕೆ ಜಾಗವಿಲ್ಲವಲ್ಲ ಎಂದೆ.

ಕೆಲವು ದಿನಗಳಲ್ಲಿ ಮಡಿ ಡ್ರಮ್ಮು ಬಿಸಿಯಾಯಿತು. ಹೂವು ಕುಸಿದು ಕಪ್ಪಾಗತೊಡಗಿತು. ನೋಡಿದರೆ ಮೇಲೆ ಎಂಜಲ ಡ್ರಮ್ಮಿನ ಗೊಬ್ಬರ ಹರಡಿದೆ, ಒಂದು ಬೆಳ್ಳುಳ್ಳಿ ಸಿಪ್ಪೆಯೂ ಇಣುಕುತ್ತಿದೆ. ಅವ್ವನನ್ನು ಕೇಳಿದೆ. ದೇವರು ನೋಡಿದರೆ ಏನು ಗತಿ ಎಂದೆ.

ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಹೇಳಿದಳು: "ಮಧ್ಯಾಹ್ನ ನೈವೇದ್ಯ ಆದ ಮ್ಯಾಲೆ ಹಾಕೀನಿ. ಆ ಹೊತ್ತಿನ್ಯಾಗ ಆತ ಮಕ್ಕೊಂಡಿರ್ತಾನ."

4. ಗ್ಯಾರಂಟಿ

ಗೊಬ್ಬರ ಕೈಗೆ ಬಂದ ಮೇಲೆ ನನಗೆ ಗೊಬ್ಬರದ ಟೀ ಮಾಡುವ ಹುಚ್ಚು ಹತ್ತಿತು. ಮಾಗಿದ ಗೊಬ್ಬರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಕೆಟ್ ನೀರಿನಲ್ಲಿ ಇಳಿಬಿಡಬೇಕು. ಒಂದು ತುಂಡು ಬೆಲ್ಲ ಹಾಕಬೇಕು. ಒಂದು ಹಗಲು, ಒಂದು ರಾತ್ರಿ ಆ ನೀರಿಗೆ ಬಿಡದೆ ಗಾಳಿ ಊದುತ್ತಿರಬೇಕು. ಆಗ ಕಣ್ಣಿಗೆ ಕಾಣದ ಜೀವಾಣುಗಳು ಬೆಲ್ಲ ತಿಂದು, ಗಾಳಿ ಕುಡಿದು ಲೆಕ್ಕವಿಲ್ಲದಷ್ಟು ಆಗುತ್ತವೆ. ಆ ನೀರನ್ನು ಗಿಡಕ್ಕೆ ಹಾಕಿದರೆ ಗಿಡ ನಗುತ್ತದೆ. ನಡುವೆ ಗಾಳಿ ನಿಂತರೆ ಮಾತ್ರ ಒಳಗಿನ ಒಳ್ಳೆಯವರೆಲ್ಲ ಸತ್ತು ಬಕೆಟ್ ನಾರುತ್ತದೆ. ನಾರಿದರೆ ಕರಾರು ನೆನಪಿದೆಯಲ್ಲ. ಹಾಗಾಗಿ ಒಳ್ಳೆಯ ಗಾಳಿ ಪಂಪು ಬೇಕಾಗಿತ್ತು.

ಅಂಥ ಪಂಪು ಸಿಗುವುದು ಬಣ್ಣದ ಮೀನು ಮಾರುವ ಅಂಗಡಿಯಲ್ಲಿ. ಬೆಲ್ಲಕ್ಕೆ ಕಂಪ್ಲಿಗೆ ಹೋಗಿ, ಬರುವಾಗ ಆ ಅಂಗಡಿಗೆ ಹೊಕ್ಕೆ. ಅಂಗಡಿಯಾತ ಬಹಳ ಉತ್ಸಾಹದ ಮನುಷ್ಯ. ಎಂಥ ಮೀನು ಸಾಕಿದ್ದೀರಿ ಎಂದು ಕೇಳಿದ. ಮೀನಿಲ್ಲ ಎಂದೆ. ಹಾಗಾದರೆ ಮೀನನ್ನೂ ಒಯ್ಯಿರಿ ಎಂದ. ಬೇಡ, ಪಂಪು ಮಾತ್ರ ಸಾಕು, ಆದರೆ ನಡುವೆ ನಿಲ್ಲಬಾರದು, ನಿಂತರೆ ನನ್ನವು ಸಾಯುತ್ತವೆ ಎಂದೆ. ಏನು ಸಾಯುತ್ತವೆ ಎಂದ. ಕಣ್ಣಿಗೆ ಕಾಣುವುದಿಲ್ಲ, ಕೋಟಿಗಟ್ಟಲೆ ಇರುತ್ತವೆ ಎಂದೆ.

ಆತ ಪಂಪನ್ನು ನಿಧಾನವಾಗಿ ಡಬ್ಬಿಯೊಳಗಿಟ್ಟು, ನನ್ನ ಕೈಗೆ ಕೊಟ್ಟು, ಗ್ಯಾರಂಟಿ ಇಲ್ಲ ಎಂದ. ಡಬ್ಬಿಯ ಮೇಲೇ ಗ್ಯಾರಂಟಿ ಎಂದು ಬರೆದಿದೆಯಲ್ಲ ಎಂದು ತೋರಿಸಿದೆ.

"ಪಂಪಿಗೆ ಐತ್ರಿ ಸರ," ಎಂದ. "ನೀವು ಹೇಳಿದ್ದಕ್ಕ ಇಲ್ಲ."

5. ಸಂಡೂರು ಬಸ್ಸು

ಟೀ ಬಿದ್ದ ಮೇಲೆ ನಮ್ಮ ಬದನೆ ಗಿಡ ಎಲೆ ಎಲೆಗೂ ಹೂ ಬಿಟ್ಟಿತು. ನನಗೆ ಕೊಬ್ಬು ಬಂತು. ಸಿಕ್ಕವರಿಗೆಲ್ಲ ಅದರ ಮಹಿಮೆ ಹೇಳತೊಡಗಿದೆ. ಸಂಡೂರಿನಲ್ಲಿರುವ ನನ್ನ ಷಡ್ಕ, ಎಂದರೆ ಹೆಂಡತಿಯ ತಂಗಿಯ ಗಂಡ, ತನ್ನ ಮಲ್ಲಿಗೆ ಬಳ್ಳಿಗೂ ಒಂದಿಷ್ಟು ತಂದುಕೊಡು ಎಂದ. ಅವನ ಮಲ್ಲಿಗೆ ಮೊಗ್ಗು ಬಿಡದೆ ಮೊಂಡು ಹಿಡಿದಿತ್ತಂತೆ.

ಸ್ಟೋರ್ ಕೀಪರ್ ಬುದ್ಧಿ. ಯಾವುದನ್ನು ಸಾಗಿಸಿದರೂ ಒಂದು ಹನಿ ಸೋರಬಾರದು ಎನ್ನುವುದು ನನ್ನ ಧರ್ಮ. ಟೀಯನ್ನು ಕ್ಯಾನಿಗೆ ಕಂಠದವರೆಗೆ ತುಂಬಿ, ಬಿರಡೆಯನ್ನು ಬಲವಾಗಿ ತಿರುವಿ, ಮೇಲೆ ಟೇಪು ಸುತ್ತಿದೆ. ಒಳಗಿರುವುದು ಜೀವಂತ ವಸ್ತು, ಹೊಟ್ಟೆ ತುಂಬ ಬೆಲ್ಲ ತಿಂದು ಉಸಿರಾಡುತ್ತಿದೆ ಎಂಬುದು ಆ ಹೊತ್ತಿಗೆ ಮರೆತುಹೋಗಿತ್ತು. ಮನೆ ಬಿಡುವಾಗ ಹೆಂಡತಿ, ಸಂಡೂರು ಬಸ್ಸಿನಲ್ಲಿ ನಮ್ಮ ಕಡೆಯವರೇ ತುಂಬಿರುತ್ತಾರೆ, ಎಲ್ಲರ ಕಣ್ಣು ನಮ್ಮ ಮನೆಯ ಮೇಲಿದೆ, ಮರ್ಯಾದೆಯಿಂದ ಹೋಗಿ ಬನ್ನಿ ಎಂದು ಹೇಳಿ ಕಳಿಸಿದಳು.

ಬೇಸಿಗೆಯ ಮಧ್ಯಾಹ್ನ. ಬಸ್ಸು ತುಂಬಿತ್ತು. ಕ್ಯಾನನ್ನು ಕಾಲ ಹತ್ತಿರ ಇಟ್ಟುಕೊಂಡೆ. ಕಂಡಕ್ಟರ್ ಬಂದು ಏನದು ಎಂದ. ಗಿಡಕ್ಕೆ ಹಾಕುವ ನೀರು ಎಂದೆ. ಸಂಡೂರಿನಲ್ಲಿ ನೀರಿಲ್ಲವೇ ಎಂದು ಕೇಳಿ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಗುಡ್ಡದ ದಾರಿ ಶುರುವಾಯಿತು. ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಕ್ಯಾನು ಒಳಗೆ ಕುಲುಕುತ್ತಿತ್ತು. ಮುಟ್ಟಿ ನೋಡಿದರೆ ಹೊಟ್ಟೆ ಉಬ್ಬಿ ಬಿಗಿಯಾಗಿದೆ. ಬಿರಡೆ ಒಂದಿಷ್ಟು ಸಡಿಲ ಮಾಡೋಣ ಎಂದು ಬಗ್ಗಿ ಟೇಪು ಬಿಚ್ಚಿದೆ. ಅಷ್ಟೇ ನಾನು ಮಾಡಿದ್ದು.

ಬಿರಡೆ ಹಾರಿ ಬಸ್ಸಿನ ಸೂರಿಗೆ ಬಡಿಯಿತು. ಅದರ ಹಿಂದೆಯೇ ಕಂದು ನೊರೆ ಎದ್ದು ಸೂರು ಮುಟ್ಟಿ, ಅಲ್ಲಿಂದ ಎಲ್ಲರ ಮೇಲೂ ಸಮನಾಗಿ ಇಳಿಯಿತು. ಯಾವ ಟೈರು ಸಿಡಿಯಿತು ಎಂದು ಡ್ರೈವರ್ ಬಸ್ಸು ನಿಲ್ಲಿಸಿ ಇಳಿದು ನಾಲ್ಕೂ ಕಡೆ ಸುತ್ತಿ ಬಂದ. ಹೊಸ ಬಿಳಿ ಅಂಗಿಯ ಒಬ್ಬರು ಅಂಗಿಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. ನನ್ನ ಪುಣ್ಯ, ಟೀ ಒಳ್ಳೆಯದಾಗಿತ್ತು, ನಾರಲಿಲ್ಲ. ಆದರೂ ಗೊಬ್ಬರದ ಚುಕ್ಕೆ ಗೊಬ್ಬರದ್ದೇ. ನಾನು ಎದ್ದು ನಿಂತು ಎಲ್ಲರಿಗೂ ಕೈ ಮುಗಿದೆ. ಇದು ಕೊಳೆ ನೀರಲ್ಲ, ಇದರಲ್ಲಿ ಕೋಟ್ಯಂತರ ಜೀವಗಳಿವೆ, ಅವಕ್ಕೆ ಉಸಿರು ಕಟ್ಟಿತ್ತು, ಅದಕ್ಕೇ ಹೀಗಾಯಿತು ಎಂದು ವಿವರಿಸಿದೆ.

ಕಂಡಕ್ಟರ್ ಕೈಚೌಕದಿಂದ ಮುಖ ಒರೆಸಿಕೊಂಡು, ಟಿಕೆಟ್ ಮಷೀನಿನ ಮೇಲಿನ ಹನಿಯನ್ನೂ ಒರೆಸಿ, ಬಹಳ ಶಾಂತವಾಗಿ ನನ್ನ ಮುಂದೆ ಬಂದು ನಿಂತ.

"ನೀರು ಅಂದಿದ್ರಿ, ಸುಮ್ಮನಿದ್ದೆ. ಈಗ ಜೀವ ಅದಾವ ಅಂತೀರಿ. ಜೀವ ಇದ್ರ ಕೋಳಿಗೂ ನಾವು ಹಾಫ್ ಟಿಕೆಟ್ ತಗೊಂತೀವ್ರಿ. ಎಷ್ಟದಾವ, ಎಣಿಸಿ ಹೇಳ್ರಿ."

6. ಗುಳುಗುಳು

ಮಗಳು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬುಕ್ಕಸಾಗರದ ಒಂದು ಮನೆಯಿಂದ ಆಕೆಗೆ ಸಂಬಂಧ ಬಂತು. ಭತ್ತ ಬೆಳೆಯುವ ಮನೆತನ, ಹುಡುಗ ಕಂಪ್ಲಿಯಲ್ಲಿ ಬ್ಯಾಂಕ್ ನೌಕರ. ಹುಡುಗ ಹುಡುಗಿ ಆಗಲೇ ಫೋನಿನಲ್ಲಿ ಮಾತಾಡಿಕೊಂಡು ಒಪ್ಪಿದ್ದರು. ಹಿರಿಯರು ಬಂದು ಮನೆ ನೋಡಿ ಹೂಂ ಅನ್ನುವುದೊಂದು ಉಳಿದಿತ್ತು. ಆ ದಿನಗಳಲ್ಲಿ ಮಗಳು ಪಾತ್ರೆ ತೊಳೆಯುವಾಗಲೂ ಹಾಡು ಗುನುಗುತ್ತಿದ್ದಳು. ಅವಳ ಮುಖ ನೋಡಿ, ಬೇಕಾದರೆ ಡ್ರಮ್ಮು ಹೋಗಲಿ, ಇದೊಂದು ತಪ್ಪದಿರಲಿ ಎಂದು ನಾನೂ ಒಳಗೊಳಗೇ ದೇವರಿಗೆ ಹೇಳಿಕೊಂಡಿದ್ದೆ.

ಅವರು ಬರುವುದು ಭಾನುವಾರ ಎಂದು ಗೊತ್ತಾಗಿತ್ತು. ಶುಕ್ರವಾರ ಇಟ್ಟರೆ ಶನಿವಾರ ಮುಗಿಯುತ್ತದೆ ಎಂದು ನಾನು ಲೆಕ್ಕ ಹಾಕಿ ಟೀಗೆ ಇಟ್ಟಿದ್ದೆ. ಮಾಳಿಗೆಯ ಪ್ಲಗ್ಗು ಸುಟ್ಟಿದ್ದರಿಂದ ಬಕೆಟ್ಟನ್ನು ಕೆಳಗೆ, ಪಡಸಾಲೆಯ ಮೆಟ್ಟಿಲ ಕೆಳಗೆ ಇಟ್ಟು ಪಂಪು ಹಚ್ಚಿದ್ದೆ. ಶನಿವಾರ ಬೆಳಿಗ್ಗೆ ಫೋನ್ ಬಂತು. ಬಟ್ಟೆ ಅಂಗಡಿಗೆಂದು ಹೊಸಪೇಟೆಗೆ ಬಂದಿದ್ದೇವೆ, ಹುಡುಗನಿಗೂ ಇವತ್ತು ರಜೆ, ನಿಮ್ಮ ಓಣಿಯ ತಿರುವಿನಲ್ಲೇ ಇದ್ದೇವೆ, ಹಾಗೇ ಬಂದು ಹೋಗುತ್ತೇವೆ ಎಂದರು.

ಹೆಂಡತಿ ಬಕೆಟ್ಟಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಚೆಲ್ಲಲು ಹೊತ್ತಿಲ್ಲ, ಎತ್ತಿ ಮೇಲೆ ಒಯ್ಯಲು ಭಾರ. ಪಂಪು ನಿಲ್ಲಿಸಿದರೆ ಅವರು ಕುಳಿತಿರುವಾಗಲೇ ನಾರಲು ಶುರುವಾದೀತು ಎಂದು ನನಗೆ ಹೆದರಿಕೆ. ನಡೆಸಿದರೆ ಗುಳುಗುಳು ಸದ್ದು. ಸದ್ದೇ ಇರಲಿ, 'ಸಪ್ಪಳಕ್ಕ ಏನಾರ ಹೇಳಾಕ ಬರ್ತೈತಿ, ನಾತಕ್ಕ ಏನ್ ಹೇಳ್ಲಿ' ಎಂದು ಹೆಂಡತಿ ಬಕೆಟ್ಟಿನ ಮೇಲೆ ಹಳೆಯ ಸೀರೆ ಹೊದಿಸಿದಳು. ಅದನ್ನೂ ಮರೆ ಮಾಡಲು ಮುಂದೆ ಕುರ್ಚಿ ಇಟ್ಟು, ಅವ್ವನನ್ನು ತಂದು ಕೂರಿಸಿ, ಏನೇ ಆದರೂ ಏಳಬೇಡ ಎಂದಳು. ಅಷ್ಟರಲ್ಲಿ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಸದ್ದು ಕೇಳಿಸಿತು.

ಹುಡುಗ, ಅವನ ತಂದೆ, ತಾಯಿ ಮೂವರೇ. ಬರ್ರಿ, ಕುಂದ್ರಿ ಆಯಿತು. ನೀರು ಕೊಟ್ಟಾಯಿತು. ಮಳೆ, ಕಾಲುವೆ ನೀರು, ಭತ್ತದ ಬೆಲೆ ಮಾತಾಡಿದೆವು. ಮಾತು ನಿಂತಾಗೆಲ್ಲ ಅವ್ವನ ಕಡೆಯಿಂದ ಗುಳುಗುಳು. ನಾನು ಜೋರಾಗಿ ಮಾತಾಡುತ್ತಿದ್ದೆ. ಉಸಿರು ತೆಗೆದುಕೊಳ್ಳಲು ನಿಂತರೆ ಮತ್ತೆ ಗುಳುಗುಳು. ಹುಡುಗನ ತಾಯಿ ಅವ್ವನ ಕಡೆ ಕಳ್ಳ ನೋಟ ನೋಡುತ್ತಿದ್ದವರು, ಕೊನೆಗೆ ತಡೆಯಲಾರದೆ ಕುರ್ಚಿಯನ್ನು ಅವ್ವನ ಹತ್ತಿರ ಎಳೆದುಕೊಂಡರು.

"ಎಷ್ಟ ದಿನದಿಂದ ಹಿಂಗೈತ್ರಿ ಅಮ್ಮ?" ಎಂದರು, ಮೆಲ್ಲಗೆ.

"ಏನು?"

"ಹೊಟ್ಟಿ."

ಅವ್ವನ ಮುಖ ಕೆಂಪಾಯಿತು. ಹುಡುಗನ ತಾಯಿ ಬಹಳ ಅಂತಃಕರಣದವರು. ಅಜವಾನ ಹುರಿದು ಬಿಸಿನೀರಿನಲ್ಲಿ ಕುಡಿಯಬೇಕು, ರಾತ್ರಿ ಬೇಳೆ ತಿನ್ನಬಾರದು, ತಮ್ಮ ಅತ್ತೆಗೂ ಹೀಗೇ ಆಗಿತ್ತು, ಆದರೆ ಇಷ್ಟು ಸದ್ದು ಇರಲಿಲ್ಲ ಎಂದರು. ಜೀವಮಾನದಲ್ಲಿ ಹೊಟ್ಟೆಗೆಂದು ಒಂದು ಗುಳಿಗೆ ನುಂಗಿದವಳಲ್ಲ ನಮ್ಮವ್ವ. ಮೊಮ್ಮಗಳ ಮದುವೆ ಎಂದು ತುಟಿ ಕಚ್ಚಿ ಕುಳಿತಿದ್ದಳು. ಆದರೆ ಆ ಕಣ್ಣುಗಳು ನನ್ನ ಹೆಂಡತಿಯನ್ನು ಸುಡುತ್ತಿದ್ದವು. ನೀನು ಹೇಳುತ್ತೀಯೋ, ನಾನು ಎದ್ದು ಸೀರೆ ತೆಗೆಯಲೋ ಎಂಬಂತಿತ್ತು ನೋಟ.

"ಹೊಟ್ಟಿ ಅಲ್ರಿ," ಎಂದಳು ಹೆಂಡತಿ ಅವಸರದಲ್ಲಿ. "ಹಿಂದ ಮೀನು ಸಾಕೀವಿ. ಅದರ ಪಂಪಿನ ಸಪ್ಪಳ."

ಹುಡುಗನ ತಾಯಿಗೆ ನಿರಾಳವಾಯಿತು. ಹುಡುಗನ ತಂದೆ ಮಾತ್ರ ಎದ್ದೇಬಿಟ್ಟರು. ಅವರು ಹುಟ್ಟಿ ಬೆಳೆದದ್ದು ತುಂಗಭದ್ರೆಯ ದಂಡೆಯಲ್ಲಿ, ಮೀನೆಂದರೆ ಜೀವ. ಎಂಥವು ಸಾಕಿದ್ದೀರಿ ನೋಡೋಣ ಎನ್ನುತ್ತ ಅವ್ವನನ್ನು ಬಳಸಿ ಹೋಗಿ, ನಾನು ಬಾಯಿ ತೆರೆಯುವುದರೊಳಗೆ ಸೀರೆ ಸರಿಸಿದರು. ಬಕೆಟ್ ತುಂಬ ಕಪ್ಪು ನೀರು, ಮೇಲೆ ನೊರೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಮೀನು ಕಾಣಲಿಲ್ಲ. ತೋಳು ಏರಿಸಿ ಒಳಗೆ ಕೈ ಹಾಕಿದರು. ಏನೋ ಸಿಕ್ಕಿತು. ದೊಡ್ಡದಿದೆ ಎಂದು ಹೇಳುತ್ತ ಮೇಲಕ್ಕೆ ಎತ್ತಿದರು. ಗೊಬ್ಬರ ತುಂಬಿ ತೋಳುಗಳನ್ನು ಗಂಟು ಹಾಕಿದ್ದ ಬನೀನು ನೀರು ಸುರಿಸುತ್ತ ಅವರ ಕೈಯಲ್ಲಿ ತೂಗಾಡಿತು.

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅಡಿಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಮಗಳು ನಗು ತಡೆಯಲಾರದೆ, ಅದು ಮೀನಲ್ಲ, ನಮ್ಮಪ್ಪನ ಬನೀನು ಎಂದುಬಿಟ್ಟಳು. ಹುಡುಗನೂ ನಕ್ಕ. ದೊಡ್ಡವರು ನಗಲಿಲ್ಲ. ಸಂಬಂಧ ಹೋಯಿತು ಎಂದುಕೊಂಡೆ. ಇನ್ನು ಮುಚ್ಚಿಡುವುದೇನು ಉಳಿದಿದೆ ಎಂದು, ಟೀ, ಗೊಬ್ಬರ, ಮಾಳಿಗೆಯ ಡ್ರಮ್ಮು ಎಲ್ಲವನ್ನೂ ಹೇಳಿದೆ.

ಹುಡುಗನ ತಂದೆ ಬನೀನನ್ನು ಜೋಪಾನವಾಗಿ ಬಕೆಟ್ಟಿಗೆ ಇಳಿಬಿಟ್ಟು, ಡ್ರಮ್ಮು ತೋರಿಸಿ ಎಂದರು. ಎಲ್ಲರೂ ಮೇಲೆ ಹತ್ತಿದೆವು. ಮುಚ್ಚಳ ತೆಗೆದೆ. ಅವರು ಒಂದು ಹಿಡಿ ಗೊಬ್ಬರ ಎತ್ತಿದರು. ಆ ಕೈ ಮೂಗಿನ ಕಡೆ ಹೊರಟಿತು. ಹೆಂಡತಿ ನನ್ನ ಕಡೆ ನೋಡಿದಳು, ನಾನು ಡ್ರಮ್ಮಿನ ಕಡೆ ನೋಡಿದೆ. ಅವರು ಮೂಗು ಮುಚ್ಚಲಿಲ್ಲ. ಗೊಬ್ಬರವನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದು, ಅಲ್ಲೇ ಕಟ್ಟೆಯ ಮೇಲೆ ಕುಳಿತು ನಗತೊಡಗಿದರು.

"ಹಿಂದ ನಮ್ಮ ಕಡೆ ಸಂಬಂಧಕ್ಕ ಹೋದ್ರ ಮೊದಲ ಆ ಮನಿ ತಿಪ್ಪಿ ನೋಡತಿದ್ರು," ಎಂದರು. "ತಿಪ್ಪಿ ದೊಡ್ಡದಿದ್ರ ದನ ಅದಾವ, ದುಡಿಯೋ ಮಂದಿ ಅದಾರ ಅಂತ ಲೆಕ್ಕ. ನಮ್ಮವ್ವ ಇನ್ನೂ ಅದನ್ನ ಹಿಡಕೊಂಡು ಕುಂತಾಳ. ತಿಪ್ಪಿ ನೋಡದ ಹೂಂ ಅನ್ನಬ್ಯಾಡ ಅಂತ ಹೇಳಿ ಕಳ್ಸ್ಯಾಳ. ಪ್ಯಾಟಿ ಮನ್ಯಾಗ ತಿಪ್ಪಿ ಎಲ್ಲೈತಿ ಅಂತ ಹೆಂಗ ಕೇಳ್ಲಿ? ಐತಿ ಅಂತ ಅವ್ವಗ ಸುಳ್ಳ ಹೇಳೂಣು ಅಂತ ದಾರಿತುಂಬ ರೂಢಿ ಮಾಡ್ಕೊಂತ ಬಂದೀನ್ರಿ."

ಅವರು ಇಲ್ಲದ ತಿಪ್ಪೆಯನ್ನು ಇದೆ ಎನ್ನಲು ತಯಾರಾಗಿ ಬಂದಿದ್ದರೆ, ನಾವು ಇದ್ದ ತಿಪ್ಪೆಯನ್ನು ಇಲ್ಲ ಎನ್ನಲು ಅವ್ವನ ಹೊಟ್ಟೆಯನ್ನೇ ಒತ್ತೆ ಇಟ್ಟಿದ್ದೆವು. ಅವರು ಅಲ್ಲೇ ಕುಳಿತು ಊರಿಗೆ ಫೋನ್ ಹಚ್ಚಿದರು. ಹುಡುಗನ ಅಜ್ಜಿಗೆ ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿದರು. ಅಜ್ಜಿ ಹುಡುಗಿ ಹೇಗಿದ್ದಾಳೆ ಎಂದು ಕೇಳಲಿಲ್ಲ, ಮನೆ ಎಂಥದು ಎಂದೂ ಕೇಳಲಿಲ್ಲ. ತಿಪ್ಪೆ ಇದೆಯೇ ಎಂದಷ್ಟೇ ಕೇಳಿದಳು. ಇದೆ, ಕಣ್ಣಾರೆ ನೋಡಿದೆ, ಬಂಗಾರದಂಥ ಗೊಬ್ಬರ ಎಂದು ಮಗ ಹೇಳಿದರು. ಎಲ್ಲಿದೆ ಎಂದಳು. ಮಾಳಿಗೆಯ ಮೇಲೆ ಎಂದರು.



"ಮಾಳಿಗಿ ಮ್ಯಾಲೆ ಎಮ್ಮಿ ಹೆಂಗ ಹತ್ತಿದ್ವು?" ಎಂದಳು ಅಜ್ಜಿ.

ಹುಡುಗನ ತಂದೆ ಫೋನನ್ನು ನಮ್ಮ ಕಡೆ ಚಾಚಿದರು. ನನ್ನ ಹೆಂಡತಿ ಮುಂದೆ ಬಂದು, ಸೆರಗು ಸರಿಮಾಡಿಕೊಂಡು, ಫೋನಿನ ಹತ್ತಿರ ಬಗ್ಗಿದಳು.

"ಎಮ್ಮಿ ಇಲ್ರಿ ಅವ್ವಾರೆ. ಒಂದು ಕ್ವಾಣ ಐತಿ. ದಿನಾ ಬಕೀಟು ಹಿಡ್ಕೊಂಡು ತಾನ ಮೆಟ್ಲಾ ಹತ್ತಿ ಹೋಗ್ತೈತಿ."

"ಭಾಳ ಚಲೋ ಆತು," ಎಂದಳು ಅಜ್ಜಿ. "ಅದನ್ನ ಮಾರಬ್ಯಾಡ್ರಿ ತಾಯಿ. ಲಗ್ನಕ್ಕ ಬಂದಾಗ ನಾನೂ ಒಮ್ಮಿ ನೋಡ್ತೀನಿ."

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಾರಾಕ ಹೋದ್ರೂ ಯಾರೂ ತಗೊಳಂಗಿಲ್ರಿ. ಇಲ್ಲೇ ಇರ್ತೈತಿ, ಬರ್ರಿ."